ಜನ ಸ್ವಾರ್ಥಿಗಳಾದರೆ ನಾಯಕ ಎಂಥವನಿರಬೇಕು?

ಪ್ರಶ್ನೆ: ಮನುಷ್ಯ ಹುಟ್ಟಾ ಸ್ವಾರ್ಥಿ, ಅವನನ್ನು ಹತೋಟಿಯಲ್ಲಿಡಲು ಕಠೋರ ನಾಯಕನೇ ಬೇಕು ಎಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ಜನರನ್ನು ನಂಬದವನು ಒಳ್ಳೆಯ ನಾಯಕನಾಗಲಾರ ಎಂಬುದು ನನ್ನ ನಿಲುವು. ರಾಜಕೀಯ ಚಿಂತಕರು ಈ ಬಗ್ಗೆ ಏನು ಹೇಳಿದ್ದಾರೆ?

ಉತ್ತರ: ಮನುಷ್ಯ ಸ್ವಭಾವವನ್ನು ಕುರಿತ ನಂಬಿಕೆಯೇ ನಾಯಕತ್ವದ ಕಲ್ಪನೆಯನ್ನು ಬಹುಮಟ್ಟಿಗೆ ರೂಪಿಸುತ್ತದೆ ಎಂಬುದರಲ್ಲಿ ನಿಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಾರದು. ಆದರೆ ಇಬ್ಬರೂ ಒಂದು ಪ್ರಶ್ನೆಯನ್ನು ಕೈಬಿಟ್ಟಿದ್ದೀರಿ. ಜನರ ಬಗ್ಗೆ ನಾವು ಏನನ್ನೇ ನಂಬಲಿ, ನಾಯಕನೂ ಆ ಜನರಲ್ಲೇ ಒಬ್ಬನಲ್ಲವೇ?

ನಿಮ್ಮ ಸ್ನೇಹಿತರ ವಾದವನ್ನು ಅತ್ಯಂತ ಬಿಗಿಯಾಗಿ ಮಂಡಿಸಿದವನು ಇಂಗ್ಲೆಂಡಿನ ಥಾಮಸ್ ಹಾಬ್ಸ್. ಅಂತರ್ಯುದ್ಧದಿಂದ ನಲುಗಿದ ದೇಶವನ್ನು ಕಂಡು 1651ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಅವನ ಪ್ರಕಾರ, ಅತಿ ದುರ್ಬಲನೂ ಸಂಚು ಹೂಡಿ ಅತಿ ಬಲಿಷ್ಠನನ್ನು ಕೊಲ್ಲಬಲ್ಲ. ಆದ್ದರಿಂದ ಎಲ್ಲರೂ ಎಲ್ಲರಿಗೂ ಅಂಜಿಯೇ ಬದುಕಬೇಕಾಗುತ್ತದೆ. ಈ ಭಯದಿಂದ ಪಾರಾಗಲು ಅವನು ಕಂಡ ದಾರಿಯೆಂದರೆ ಎಲ್ಲರೂ ತಮ್ಮ ಅಧಿಕಾರವನ್ನು ಒಂದೇ ಪರಮಾಧಿಕಾರಕ್ಕೆ ಒಪ್ಪಿಸಿಬಿಡುವುದು. ಇಲ್ಲಿ ನಾಯಕನ ಸಾಮರ್ಥ್ಯವನ್ನು ಅಳೆಯುವುದು ಅವನ ಸದ್ಗುಣದಿಂದಲ್ಲ, ಕಲಹವನ್ನು ಅಡಗಿಸುವ ಶಕ್ತಿಯಿಂದ. ನರಿಯ ಕಾಟ ತಪ್ಪಿಸಿಕೊಳ್ಳಲು ಹೋಗಿ ಸಿಂಹದ ಬಾಯಿಗೆ ಬೀಳುವುದನ್ನೇ ಕ್ಷೇಮವೆಂದು ತಿಳಿಯುವಷ್ಟು ಜನ ಮೂರ್ಖರೇ ಎಂದು ಮುಂದೆ ಇಂಗ್ಲೆಂಡಿನ ಇನ್ನೊಬ್ಬ ಚಿಂತಕ ಜಾನ್ ಲಾಕ್ ಕೇಳಿದ್ದು ಇಂಥ ವಾದವನ್ನೇ ಕುರಿತು. ನನ್ನ ಮಟ್ಟಿಗೆ ಅದಕ್ಕೆ ಈವರೆಗೆ ಸಮರ್ಪಕವಾದ ಉತ್ತರ ಸಿಕ್ಕಿಲ್ಲ.

ಕಠೋರ ನಾಯಕತ್ವದ ಮಾತು ಬಂದಾಗಲೆಲ್ಲ ಇಟಲಿಯ ಚಿಂತಕ ಮೆಕಿಯಾವೆಲ್ಲಿಯ ಹೆಸರೂ ಬರುತ್ತದೆ, ಆದರೆ ಅವನನ್ನು ಅರ್ಧವಷ್ಟೇ ಉದ್ಧರಿಸುವುದು ರೂಢಿ. ಜನ ಕೃತಘ್ನರು, ಚಂಚಲರು. ಪ್ರೀತಿ ಮತ್ತು ಭಯ ಎರಡನ್ನೂ ಗಳಿಸಲಾಗದಿದ್ದರೆ ಭಯವೇ ಸುರಕ್ಷಿತ ಎಂದು ಅವನು 1513ರಲ್ಲಿ ಬರೆದದ್ದು ನಿಜ. ಅದರ ಬೆನ್ನಿಗೇ, ಜನ ಅಂಜಬೇಕೇ ಹೊರತು ದ್ವೇಷಿಸುವಂತಾಗಬಾರದು, ಪ್ರಜೆಗಳ ಆಸ್ತಿಗೆ ಕೈಹಾಕಲೇಬಾರದು ಎಂದೂ ಅವನು ಎಚ್ಚರಿಸುತ್ತಾನೆ. ತಂದೆಯ ಸಾವನ್ನಾದರೂ ಮರೆಯುವ ಮನುಷ್ಯ ಪಿತ್ರಾರ್ಜಿತ ಕಳೆದುಕೊಂಡದ್ದನ್ನು ಮರೆಯಲಾರ ಎಂಬ ಅವನ ಮಾತಿನಲ್ಲಿ ಜನರ ಬಗ್ಗೆ ಗೌರವವೇನೂ ಇಲ್ಲ, ಆದರೂ ಅದು ಅಧಿಕಾರಕ್ಕೊಂದು ಗಡಿ ಹಾಕುತ್ತದೆ. ರೋಮ್ ಗಣರಾಜ್ಯದ ಇತಿಹಾಸವನ್ನು ಚರ್ಚಿಸುವ ಇನ್ನೊಂದು ಗ್ರಂಥದಲ್ಲಂತೂ, ಕಾನೂನಿನ ಕಟ್ಟಿಗೆ ಒಳಪಡದ ಅರಸ ಜನರಿಗಿಂತ ಹೆಚ್ಚು ಕೃತಘ್ನ, ಹೆಚ್ಚು ಚಂಚಲ ಎಂದೇ ಹೇಳಿದ್ದಾನೆ.

ಈ ವಿಷಯದಲ್ಲಿ ನನಗೆ ಹೆಚ್ಚು ಪಕ್ವವಾಗಿ ಕಾಣುವುದು ಕೌಟಿಲ್ಯನ ಅರ್ಥಶಾಸ್ತ್ರ. ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣದನ್ನು ನುಂಗುವ ಮತ್ಸ್ಯನ್ಯಾಯ ತಲೆಯೆತ್ತುತ್ತದೆ ಎನ್ನುವ ಅದು, ತೀಕ್ಷ್ಣವಾಗಿ ದಂಡಿಸುವ ರಾಜನಿಗೆ ಜನ ಬೆದರುತ್ತಾರೆ, ಮೃದುವಾಗಿ ದಂಡಿಸುವವನನ್ನು ಕಡೆಗಣಿಸುತ್ತಾರೆ, ಯಥಾರ್ಹವಾಗಿ ದಂಡಿಸುವವನನ್ನು ಮಾತ್ರ ಗೌರವಿಸುತ್ತಾರೆ ಎಂದು ಹೇಳುತ್ತದೆ. ಅಧಿಕಾರಿಗಳ ಮೇಲಂತೂ ಅದಕ್ಕೆ ಎಳ್ಳಷ್ಟೂ ನಂಬಿಕೆಯಿಲ್ಲ; ಬೊಕ್ಕಸದ ಹಣ ನುಂಗಲು ಇರುವ 40 ದಾರಿಗಳನ್ನು ಪಟ್ಟಿಮಾಡಿಯೇ ಕೊಟ್ಟಿದೆ. ಮುಖ್ಯವಾದ ಸಂಗತಿಯೆಂದರೆ ಈ ಶಂಕೆ ರಾಜನ ಹೊಸ್ತಿಲಲ್ಲಿ ನಿಂತುಬಿಡುವುದಿಲ್ಲ. ಇಂದ್ರಿಯಗಳನ್ನು ಗೆಲ್ಲಲಾಗದೆ ನಾಶವಾದ ಅರಸರ ಸಾಲಿನಲ್ಲಿ ರಾವಣ, ದುರ್ಯೋಧನರ ಹೆಸರು ಬರುತ್ತದೆ. ರಾಜನ ಹಗಲನ್ನು ಎಂಟು, ಇರುಳನ್ನು ಎಂಟು ಭಾಗ ಮಾಡಿ ಯಾವಾಗ ಲೆಕ್ಕ ನೋಡಬೇಕು, ಯಾವಾಗ ಜನರ ಅಹವಾಲು ಕೇಳಬೇಕು ಎಂಬುದನ್ನು ಗೊತ್ತುಪಡಿಸಲಾಗಿದೆ. ಅಹವಾಲು ಹೊತ್ತು ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು, ಏಕೆಂದರೆ ಜನರ ಕಣ್ಣಿಗೆ ಬೀಳದ ರಾಜನಿಂದ ಸುತ್ತಲಿನವರು ಮಾಡಬೇಕಾದ್ದನ್ನು ಬಿಡಿಸಿ ಮಾಡಬಾರದ್ದನ್ನು ಮಾಡಿಸುತ್ತಾರೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಹಾಗೆಂದು ಒಂದು ನಂಬಿಕೆಗೆ ಒಂದೇ ಬಗೆಯ ನಾಯಕತ್ವ ಎಂದೇನೂ ಇಲ್ಲ. ಪ್ರಾಚೀನ ಚೀನಾದ ಶುನ್ಜಿ ಮನುಷ್ಯ ಸ್ವಭಾವತಃ ಕೆಟ್ಟವನೆಂದೇ ಭಾವಿಸಿದ್ದ, ಆದರೂ ಶಿಕ್ಷಣ ಮತ್ತು ಆಚರಣೆಗಳಿಂದ ಅವನನ್ನು ತಿದ್ದಬಹುದು ಎಂದು ನಂಬಿದ. ಅವನ ಶಿಷ್ಯನೆಂದು ಹೇಳಲಾಗುವ ಹಾನ್ ಫೈ ತಿದ್ದುವ ಆಸೆಯನ್ನೇ ಬಿಟ್ಟು, ಬಹುಮಾನ ಮತ್ತು ದಂಡನೆಗಳೆಂಬ ಎರಡು ಹಿಡಿಕೆಗಳನ್ನು ಅರಸನ ಕೈಗೆ ಕೊಟ್ಟ.

ಪ್ರಶ್ನೆ: ಹಾಗಾದರೆ ಜನರನ್ನು ನಂಬುವ ನಾಯಕ ಮೋಸಹೋಗುವುದಿಲ್ಲವೇ?

ಉತ್ತರ: ಕುರುಡಾಗಿ ನಂಬಿದರೆ ಖಂಡಿತ ಮೋಸಹೋಗುತ್ತಾನೆ. ಗಾಂಧೀಜಿ ಮನುಷ್ಯನ ಒಳ್ಳೆಯತನದಲ್ಲಿ ಅಪಾರ ವಿಶ್ವಾಸವಿಟ್ಟವರು. ಆದರೂ 1922ರ ಫೆಬ್ರುವರಿಯಲ್ಲಿ ಚೌರಿ ಚೌರಾದಲ್ಲಿ ಗುಂಪೊಂದು ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ, ಜನ ಅಹಿಂಸೆಗೆ ಇನ್ನೂ ಸಿದ್ಧರಾಗಿಲ್ಲವೆಂದು ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಒಳ್ಳೆಯತನಕ್ಕೂ ತರಬೇತಿ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಆದರೆ ನಂಬದೆ ಇರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಇಸ್ರೇಲಿನ ಹೈಫಾದ 10 ಶಿಶುವಿಹಾರಗಳಲ್ಲಿ ನಡೆದು, 2000ದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಗಮನಿಸಿ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅವುಗಳಲ್ಲಿ ಆರು ಕಡೆ ದಂಡ ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಅಲ್ಲಿಯವರೆಗೆ ಶಿಕ್ಷಕಿಯರ ಮೇಲಿನ ದಾಕ್ಷಿಣ್ಯಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದವರಿಗೆ, ದಂಡವೆಂಬುದು ತಡಮಾಡಲು ತೆರುವ ಶುಲ್ಕದಂತೆ ಕಂಡಿರಬೇಕು. ದಂಡವನ್ನು ರದ್ದುಪಡಿಸಿದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ. ಜನ ದುಡ್ಡಿಗೆ ಮಾತ್ರ ಬಗ್ಗುತ್ತಾರೆ ಎಂದು ಎಣಿಸಿ ರೂಪಿಸಿದ ನಿಯಮ ಅಂಥ ಜನರನ್ನೇ ತಯಾರಿಸಬಹುದು ಎಂಬ ಅಪಾಯ ಆಳುವವರ ಗಮನಕ್ಕೆ ಬರುವುದು ಅಪರೂಪ.

ನಿಮ್ಮಿಬ್ಬರ ನಡುವಿನ ದಾರಿಯೊಂದನ್ನು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ತೋರಿಸಿದ್ದಾರೆ. ನೀರಾವರಿ ಕಾಲುವೆ, ಹುಲ್ಲುಗಾವಲು, ಮೀನುಗಾರಿಕೆಯ ನೀರು ಮುಂತಾದ ಸಾಮೂಹಿಕ ಸಂಪನ್ಮೂಲಗಳನ್ನು ಜನರೇ ಬಹುಕಾಲ ಕಾಪಾಡಿಕೊಂಡು ಬಂದ ಕಡೆಗಳಲ್ಲಿ ಅವರು ಕಂಡದ್ದು ದೇವತೆಗಳನ್ನೂ ಅಲ್ಲ, ಚಾವಟಿ ಹಿಡಿದ ದೊರೆಯನ್ನೂ ಅಲ್ಲ. ಅಲ್ಲಿ ಕಾವಲಿತ್ತು, ದಂಡವೂ ಇತ್ತು. ಆದರೆ ಮೊದಲ ತಪ್ಪಿಗೆ ದಂಡ ಹಗುರವಾಗಿರುತ್ತಿತ್ತು, ನಿಯಮ ರೂಪಿಸುವುದರಲ್ಲಿ ಬಳಕೆದಾರರಿಗೆ ಪಾಲಿತ್ತು, ಕಾವಲಿನವರು ಆ ಬಳಕೆದಾರರಿಗೇ ಲೆಕ್ಕ ಒಪ್ಪಿಸಬೇಕಾಗಿತ್ತು.