ಅಂಕೆ ಎಣಿಸಿ ನೋಡಲಿ, ಹೆದರದಿರಲಿ

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಅಂಗಡಿ ಸಾಮಾನಿನ ಬಾರ್‌ಕೋಡ್‌ನಲ್ಲೆಲ್ಲ ಮೃಗದ ಅಂಕೆಯಾದ 666 ಅಡಗಿದೆ ಎಂದು ಯಾರೋ ಬೋಧಕರು ಮೊಬೈಲಿನಲ್ಲಿ ಹೇಳಿದ್ದನ್ನು ಕೇಳಿ, ಎಂಟನೇ ತರಗತಿಯ ನಿಮ್ಮ ಮಗ ಬಿಸ್ಕತ್ತಿನ ಪೊಟ್ಟಣವನ್ನೂ ಮುಟ್ಟುತ್ತಿಲ್ಲ, ರಾತ್ರಿ ದೀಪ ಆರಿಸಲು ಬಿಡುತ್ತಿಲ್ಲ ಎಂದಿದ್ದೀರಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಈ ಅಂಕೆಯಿರುವ ಮೃಗ ಯಾವುದು, ಅವನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಮೊದಲು ಹಳೆಯ ಒಡಂಬಡಿಕೆಯ ದಾನಿಯೇಲನ ಪುಸ್ತಕದ 7ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಏಳುತ್ತವೆ: ಸಿಂಹದಂಥದು, ಕರಡಿಯಂಥದು, ಚಿರತೆಯಂಥದು, ಕೊನೆಗೆ ಹತ್ತು ಕೊಂಬಿನ ಭಯಂಕರ ಮೃಗ. ಅವು ಭೂಮಿಯನ್ನಾಳುವ ರಾಜರು ಎಂದು ಅದೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಪ್ರಕಟನೆಯನ್ನು ಬರೆದ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಆ ನಾಲ್ಕನ್ನೂ ಒಂದೇ ಮೈಯಲ್ಲಿ ಕಂಡ. ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು, ಏಳು ತಲೆ. ಏಳು ತಲೆಗಳೆಂದರೆ ಏಳು ಬೆಟ್ಟಗಳು ಎಂದು 17ನೇ ಅಧ್ಯಾಯದಲ್ಲಿ ಬರೆದಾಗ, ಅಂದಿನ ಓದುಗರಿಗೆ ಏಳು ಗುಡ್ಡಗಳ ರೋಮ್ ಕಣ್ಣಿಗೆ ಕಟ್ಟಿರಲೇಬೇಕು.

ಇನ್ನು ಅಂಕೆ. ನಮ್ಮ ಸಂಗೀತದ ಮೇಳಕರ್ತ ರಾಗಗಳಲ್ಲಿ ಹೆಸರಿನ ಅಕ್ಷರಗಳಿಂದ ರಾಗದ ಸಂಖ್ಯೆ ತಿಳಿಯುವ ಕಟಪಯಾದಿ ಇದೆಯಲ್ಲ? ‘ಮೇಚಕಲ್ಯಾಣಿ’ಯ ಮ 5, ಚ 6, ತಿರುಗಿಸಿದರೆ 65ನೇ ಮೇಳ. ಇಬ್ರಿಯ (ಹೀಬ್ರೂ) ಅಕ್ಷರಗಳಿಗೂ ಹೀಗೆ ಬೆಲೆಯಿತ್ತು. ‘ನೆರೋನ್ ಕೈಸರ್’, ಅಂದರೆ ರೋಮ್ ಚಕ್ರವರ್ತಿ ನೀರೋ, ಎಂದು ಇಬ್ರಿಯದಲ್ಲಿ ಬರೆದು ಎಣಿಸಿ: 50, 200, 6, 50 ಸೇರಿ 306, 100, 60, 200 ಸೇರಿ 360. ಒಟ್ಟು 666. ಕೊನೆಯ ‘ನ್’ ಬಿಟ್ಟು ‘ನೆರೋ’ ಎಂದರೆ 50 ಕಡಿಮೆಯಾಗಿ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ! ಕ್ರೈಸ್ತರನ್ನು ಹಿಂಸಿಸಿದ ಆ ಚಕ್ರವರ್ತಿ 68ರಲ್ಲಿ ಸತ್ತ ಮೇಲೂ ಮತ್ತೆ ಬರುತ್ತಾನೆಂಬ ಪುಕಾರು ಹಬ್ಬಿತ್ತು. ಮೃಗದ ತಲೆಗೆ ಬಿದ್ದ ಮರಣದ ಗಾಯ ವಾಸಿಯಾಯಿತು ಎಂಬ ಮಾತನ್ನು ಇದರ ಜೊತೆಗಿಟ್ಟು ಓದಿ. ಮಗನ ಕೈಗೆ ಪೆನ್ಸಿಲ್ ಕೊಟ್ಟು ಈ ಲೆಕ್ಕ ಮಾಡಿಸಿ.

ಹಾಗಾದರೆ ರೋಮ್ ಮುಗಿಯಿತು, ಮೃಗವೂ ಮುಗಿಯಿತೇ? ನಾನು ಹಾಗೆ ಹೇಳಲಾರೆ. ಮೃಗಕ್ಕೆ ಬಲ ಕೊಡುವುದು ಘಟಸರ್ಪ. ಅದು ಸೈತಾನನೇ ಎಂದು 12ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಭೂಮಿಯಿಂದ ಏಳುವ ಎರಡನೆಯ ಮೃಗ. ಅದರ ಕೊಂಬು ಕುರಿಮರಿಯದು, ಮಾತು ಘಟಸರ್ಪದ್ದು. ಜನರನ್ನು ಮೊದಲ ಮೃಗಕ್ಕೆ ಅಡ್ಡಬೀಳಿಸುವುದೇ ಅದರ ಕೆಲಸ. ಮೃಗದ ಗುರುತಿಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂದು ಮಾಡುವುದೂ ಅದೇ. ಆ ಕಾಲಕ್ಕೆ ಪೆರ್ಗಮ ಪಟ್ಟಣದಲ್ಲಿ ರೋಮ್ ಚಕ್ರವರ್ತಿಗೆ ಗುಡಿಯಿತ್ತು, ಪೂಜೆಯಿತ್ತು. ಅಧಿಕಾರ ದೇವರ ಜಾಗದಲ್ಲಿ ಕೂತು, ಅಡ್ಡಬೀಳದವರ ಕೊಡುಕೊಳ್ಳುವಿಕೆಯನ್ನೇ ನಿಲ್ಲಿಸುವ ಕಡೆಯಲ್ಲೆಲ್ಲ ಯೋಹಾನ ಕಂಡ ಕೆಡುಕು ಇದೆ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಗೆರೆಗಳು ಯಾರ ಪೂಜೆಯನ್ನೂ ಕೇಳುತ್ತಿಲ್ಲ.

ಇನ್ನೊಂದು ಮಾತು. 666 ಬರುವುದು 13ನೇ ಅಧ್ಯಾಯದ ಕೊನೆಯ ವಚನದಲ್ಲಿ. ನಿಮ್ಮ ಮಗನಿಗೆ ಆ ಬೋಧಕರು ಅಲ್ಲಿಗೇ ನಿಲ್ಲಿಸಿದಂತಿದೆ. ಪುಟ ತಿರುಗಿಸಿ ಅವನಿಂದಲೇ 14ನೆಯದರ ಮೊದಲ ವಚನ ಓದಿಸಿ. ಚೀಯೋನ್ ಬೆಟ್ಟದ ಮೇಲೆ ಕುರಿಮರಿ, ಅಂದರೆ ಕ್ರಿಸ್ತನು, ನಿಂತಿದೆ. ಜೊತೆಯಲ್ಲಿರುವವರ ಹಣೆಯ ಮೇಲೆ ಆತನ ಹೆಸರೂ ಆತನ ತಂದೆಯ ಹೆಸರೂ ಬರೆದಿವೆ.

– ಸಂಪಾದಕ