ತೋಟಕ್ಕೆ ಬೋರ್ಡೋ, ಹಳ್ಳದಲ್ಲಿ ಮೀನಿನ ಮೊಟ್ಟೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೆಳಗೇ ಹಳ್ಳ ಹರಿಯುತ್ತದೆ. ಮಳೆಗಾಲದ ಶುರುವಿನಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಸುತ್ತೇವೆ. ಹತ್ತುಮೀನು ಗದ್ದೆಗೆ ಏರಿ ಮೊಟ್ಟೆ ಇಡುವುದೂ ಅದೇ ಹೊತ್ತಿಗೆ. ಈಚೆಗೆ ಹತ್ತುಮೀನು ತೀರಾ ಕಡಿಮೆಯಾಗಿದೆ. ಔಷಧಿಯಿಂದಲೇ ಇರಬಹುದಾ? ಸತ್ತ ಮೀನು ತೇಲಿದ್ದನ್ನಂತೂ ನಾವು ಕಂಡಿಲ್ಲ.

ಉತ್ತರ: ಸತ್ತ ಮೀನು ಕಾಣಲಿಲ್ಲ ಅಂತ ಸಮಾಧಾನ ಪಡಬೇಡಿ. ಬೋರ್ಡೋದಲ್ಲಿ ಇರುವುದು ತಾಮ್ರ. ದೊಡ್ಡ ಮೀನಿಗೆ ಏನೂ ಆಗದಷ್ಟು ತಾಮ್ರ, ಆಗತಾನೇ ಮೊಟ್ಟೆಯಿಂದ ಬಂದ ಮರಿಯನ್ನು ಕೊಲ್ಲಬಹುದು. ಸತ್ತ ಮೊಟ್ಟೆ ಬೆಳ್ಳಗಾಗಿ ಕಸದ ನಡುವೆ ಕೊಳೆತು ಹೋಗುತ್ತದೆ. ಅದನ್ನು ಯಾರೂ ನೋಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಶೇ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಹಾಗಾಗಿ ಒಂದು ಲೀಟರ್ ದ್ರಾವಣದಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಾದರೆ, ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಕರಗಿದ ತಾಮ್ರವೂ ಮರಿಗಳಿಗೆ ಕಷ್ಟ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಗ್ರಾಂ. ಒಂದು ಲೀಟರ್ ಬೋರ್ಡೋದಲ್ಲಿರುವ ತಾಮ್ರ ಪೂರ್ತಿ ಕರಗಿದರೆ 50,000 ಲೀಟರ್ ನೀರನ್ನು 50 ಮೈಕ್ರೋಗ್ರಾಂ ಮಟ್ಟಕ್ಕೆ ತರುತ್ತದೆ. ಡ್ರಮ್ಮಿನ ತಳದ ಗಸಿಯನ್ನು ಹಳ್ಳದಲ್ಲಿ ತೊಳೆದರೆ ಏನಾಗಬಹುದು ಅಂತ ನೀವೇ ಅಂದಾಜು ಮಾಡಿ.

ಪುಣ್ಯಕ್ಕೆ ಅದು ಪೂರ್ತಿ ಕರಗುವುದಿಲ್ಲ. ಸುಣ್ಣ ಸರಿಯಾಗಿ ಬಿದ್ದಿದ್ದರೆ ತಾಮ್ರ ನೀಲಿ ಗಸಿಯಾಗಿ ಗೊನೆಗೆ ಅಂಟಿಕೊಳ್ಳುತ್ತದೆ. ಮೀನಿಗೆ ಹೆಚ್ಚು ವಿಷ ಬಿಡಿಯಾಗಿ ಕರಗಿದ ತಾಮ್ರ. ದ್ರಾವಣಕ್ಕೆ ಹೊಳೆಯುವ ಕತ್ತಿ ಅದ್ದಿ ನೋಡುತ್ತೀರಲ್ಲ, ಕೆಂಪು ಲೇಪ ಬಂದರೆ ಸುಣ್ಣ ಸಾಲದು ಅಂತ? ಆ ಪರೀಕ್ಷೆಯಿಂದ ಹಳ್ಳಕ್ಕೂ ಉಪಕಾರವಿದೆ. ಅವಸರದಲ್ಲಿ ಅದನ್ನು ಬಿಡಬೇಡಿ. ಇನ್ನು ನೀರಿನ ಗುಣ. ಗಡಸು ನೀರಿನ ಕ್ಯಾಲ್ಸಿಯಂ ತಾಮ್ರವನ್ನು ಕಿವಿರಿಗೆ ಅಂಟಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಲೆನಾಡಿನ ಹಳ್ಳಗಳಲ್ಲಿ ಆ ಕ್ಯಾಲ್ಸಿಯಂ ಕಡಿಮೆ. ಎಲೆ ಕೊಳೆತು ಕಂದಾದ ನೀರು ಮಾತ್ರ ಒಂದಿಷ್ಟು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ಹೆಚ್ಚಾಗಿ ಜೀಬ್ರಾಮೀನಿನಲ್ಲಿ ನೋಡಿದ್ದಾರೆ. ಇದು ನಮ್ಮ ದೇಶದ ಹಳ್ಳಗಳದ್ದೇ ಪುಟ್ಟ ಮೀನು, ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಮೊಟ್ಟೆ ಗಾಜಿನಷ್ಟು ತಿಳಿ. ಸುಮಾರು ಒಂದು ದಿನಕ್ಕೆ ಹೃದಯ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ತಾಮ್ರ ಸೇರಿದರೆ ಮೊಟ್ಟೆ ಒಡೆಯುವುದು ತಡವಾಗುತ್ತದೆ, ಕೆಲವು ಒಳಗೇ ಸಾಯುತ್ತವೆ. ಹೊರಗಿನ ಪೊರೆ ಒಂದಷ್ಟು ತಾಮ್ರವನ್ನು ತಾನೇ ಹಿಡಿದುಕೊಳ್ಳುವುದರಿಂದ ಮರಿ ಹೊರಬಂದ ಮೇಲೆಯೇ ಅಪಾಯ ಜಾಸ್ತಿ. ಮೈಯ ಸೋಡಿಯಂ ಸೋರಿಹೋಗುತ್ತದೆ. ನೀರಿನ ಹರಿವನ್ನು ತಿಳಿಯುವ, ಮೈ ಪಕ್ಕದ ಸಾಲಿನ ರೋಮಕೋಶಗಳು ಸಾಯುತ್ತವೆ. ಅಂಥ ಮರಿ ಬದುಕಿದ್ದರೂ ಹರಿವಿಗೆ ಎದುರಾಗಿ ನಿಲ್ಲುವುದು ಕಷ್ಟ.

ಕಾಲಾವಧಿಯೂ ಬಹಳ ಚಿಕ್ಕದು. ಜೀಬ್ರಾಮೀನಿನ ಮೊಟ್ಟೆ ಎರಡು ಮೂರು ದಿನದಲ್ಲಿ ಒಡೆಯುತ್ತದೆ. ರೋಹು, ಕಾಟ್ಲಾಗಳದ್ದು ಬೆಚ್ಚಗಿನ ನೀರಿನಲ್ಲಿ 15ರಿಂದ 20 ಗಂಟೆ ಸಾಕು. ಒಂದು ರಾತ್ರಿಯ ಮಳೆ ತೋಟ ತೊಳೆದು ತಂದ ನೀರಿನಲ್ಲೇ ಅವುಗಳ ಮೊಟ್ಟೆಯ ಬದುಕೆಲ್ಲ ಮುಗಿದಿರಬಹುದು.

ಹಾಗಂತ ಬೋರ್ಡೋ ಒಂದನ್ನೇ ದೂರಲಾರೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗಕ್ಕೆ ಅದನ್ನು ಹೊಡೆಯಲು ಹೇಳಿ ನೂರು ವರ್ಷ ದಾಟಿತು. ಹತ್ತುಮೀನು ಆಮೇಲೂ ಏರುತ್ತಲೇ ಇತ್ತು. ನನಗೆ ಹೆಚ್ಚು ಅನುಮಾನ ಇರುವುದು ಬೇರೆಯದರ ಮೇಲೆ. ಗದ್ದೆಗಳೇ ಅಡಿಕೆ ತೋಟವಾಗಿವೆ, ಏರಿ ಬಂದ ಮೀನಿಗೆ ಮೊಟ್ಟೆ ಇಡಲು ಜಾಗವಿಲ್ಲ. ಹಳ್ಳಕ್ಕೆ ಅಡ್ಡ ಕಟ್ಟೆಗಳು ಬಂದಿವೆ. ಮೊಟ್ಟೆ ತುಂಬಿದ ಮೀನನ್ನೇ ರಾತ್ರಿ ಹಿಡಿಯುತ್ತಾರೆ. ಇದರ ಮೇಲೆ ಡ್ರಮ್ಮು ತೊಳೆದ ನೀರೂ ಸೇರಿದರೆ ಉಳಿದ ಮರಿಗಳೂ ಹೋದವು. ನಿಮ್ಮ ಕೈಯಲ್ಲಿರುವುದು ಆ ಕೊನೆಯದು. ದ್ರಾವಣ ಕಲಸುವುದು, ಪಂಪು ತೊಳೆಯುವುದು ಹಳ್ಳದಿಂದ ದೂರ, ನೀರು ಹರಿದು ಹೋಗದ ಸಮತಟ್ಟು ಜಾಗದಲ್ಲಿ ಆಗಲಿ. ಉಳಿದ ಔಷಧಿಯನ್ನು ಮರಗಳಿಗೇ ಹೊಡೆದು ಮುಗಿಸಿ.

ಪ್ರಶ್ನೆ: ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್ ಹೊಡೆಯುತ್ತೇವೆ. ಅದರಲ್ಲಿ ತಾಮ್ರ ಇಲ್ಲ. ಕೃಷಿಹೊಂಡದಲ್ಲಿ ಬಿಟ್ಟ ಕಾಟ್ಲಾ ಮರಿಗೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತಾಮ್ರ ಇಲ್ಲ ಎಂದ ಮಾತ್ರಕ್ಕೆ ನಿರಾಳ ಆಗುವಂತಿಲ್ಲ. ಪ್ರೊಪಿಕೊನಜೋಲ್ ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು ತಯಾರಾಗದಂತೆ ತಡೆಯುತ್ತದೆ. ಅದು ಹಿಡಿದು ನಿಲ್ಲಿಸುವ ಕಿಣ್ವದ ಬಂಧುಗಳು ಮೀನಿನಲ್ಲೂ ಇವೆ. ಈ ಗುಂಪಿನ ಔಷಧಿಗಳು ಹೆಚ್ಚಾದಾಗ ಜೀಬ್ರಾಮೀನಿನ ಭ್ರೂಣದಲ್ಲಿ ಹೃದಯದ ಸುತ್ತ ನೀರು ತುಂಬುವುದು, ಬಡಿತ ನಿಧಾನವಾಗುವುದು, ದವಡೆ ಸೊಟ್ಟಗಾಗುವುದು ಕಂಡಿದೆ. ಇದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಹೆಸರು ‘ಸ್ಟ್ರೋಬಿನ್’ ಎಂದು ಮುಗಿಯುವ ಔಷಧಿಗಳಿಗೆ. ಅವು ಜೀವಕೋಶ ಉಸಿರಾಡಿ ಶಕ್ತಿ ಮಾಡಿಕೊಳ್ಳುವುದನ್ನೇ ನಿಲ್ಲಿಸುತ್ತವೆ. ಆ ಕೆಲಸ ಶಿಲೀಂಧ್ರದಲ್ಲೂ ಮೀನಿನಲ್ಲೂ ಒಂದೇ ಥರ ನಡೆಯುತ್ತದೆ. ಪೈರಾಕ್ಲೋಸ್ಟ್ರೋಬಿನ್ ಮೀನನ್ನು ಕೊಲ್ಲುವುದೂ ಮೈಕ್ರೋಗ್ರಾಂ ಲೆಕ್ಕದಲ್ಲೇ. ಎರಡು ಔಷಧಿ ಬೆರೆಸಿದ ಬಾಟಲಿಗಳಲ್ಲಿ ಸ್ಟ್ರೋಬಿನ್ ಇರುವುದು ಸಾಮಾನ್ಯ, ಲೇಬಲ್ ಓದಿ ಕೊಳ್ಳಿ. ಹೊಡೆಯುವ ದಿನ ಮತ್ತು ಆಮೇಲಿನ ಮೊದಲ ದೊಡ್ಡ ಮಳೆಗೆ ತೋಟದ ನೀರು ಹೊಂಡಕ್ಕೆ ಬರುವ ಬಾಯಿ ಮುಚ್ಚಿಡಿ.