ಮೂರು ತಿಂಗಳಾದರೂ ಆರ್ಡರ್ ಇಲ್ಲ, ದರ ಇಳಿಸಲಾ? ಹೊಸ ಫ್ರೀಲಾನ್ಸರ್‌ಗಳ ಪ್ರಶ್ನೆಗೆ ಉತ್ತರ

ಈ ಬಾರಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯದ್ದು. ಫೈವರ್, ಅಪ್‌ವರ್ಕ್ ತರಹದ ಆನ್‌ಲೈನ್ ತಾಣಗಳಲ್ಲಿ ಖಾತೆ ತೆರೆದು ಕೆಲಸಕ್ಕೆ ಕಾಯುತ್ತಿರುವವರು ಬರೆದಿದ್ದಾರೆ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ ಸರ್. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡ್ತೀನಿ. ಕೋರಲ್‌ಡ್ರಾ, ಫೋಟೋಶಾಪ್ ಚೆನ್ನಾಗಿ ಬರುತ್ತೆ. ಫೈವರ್‌ನಲ್ಲಿ ಲೋಗೋ, ಬ್ಯಾನರ್, ವಿಡಿಯೊ ಎಡಿಟಿಂಗ್, ಡೇಟಾ ಎಂಟ್ರಿ ಎಲ್ಲ ಹಾಕಿದೀನಿ. ದರ ಐದು ಡಾಲರ್. ಮೂರು ತಿಂಗಳಾಯಿತು, ಒಂದೂ ಆರ್ಡರ್ ಇಲ್ಲ. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಿದರೆ ಉತ್ತರವೇ ಬರಲ್ಲ. ಇನ್ನೇನು ಮಾಡಲಿ, ಹೇಳ್ರಿ.
— ಓದುಗ, ಕಲಬುರಗಿ

ಉತ್ತರ: ನಿಮ್ಮ ತೊಂದರೆ ದರದ್ದಲ್ಲ. ಐದು ಡಾಲರ್‌ಗಿಂತ ಕೆಳಗೆ ಹೋಗಲು ಜಾಗವೂ ಇಲ್ಲ.

ಕೊಳ್ಳುವವರ ಕಡೆಯಿಂದ ನೋಡಿ. ದುಬೈನಲ್ಲೋ ಟೆಕ್ಸಾಸ್‌ನಲ್ಲೋ ಕೂತ ಒಬ್ಬ ಸಣ್ಣ ವ್ಯಾಪಾರಿಗೆ ನಿಮ್ಮ ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಅವರ ತಲೆಯಲ್ಲಿ ಓಡುವುದು ಅನುಮಾನ. ಈ ಮನುಷ್ಯ ನಾನು ಹೇಳಿದ್ದನ್ನು ಅರ್ಥ ಮಾಡ್ಕೊಳ್ತಾನಾ? ಮಧ್ಯದಲ್ಲಿ ಕೈಕೊಟ್ಟರೆ ನನ್ನ ಒಂದು ವಾರ ಹಾಳಲ್ವಾ? ದರ ಇಳಿಸಿದರೆ ಈ ಅನುಮಾನ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಹೊಸಬರು ಮಾಡಬೇಕಾದ ಮೊದಲ ಕೆಲಸ ಅದನ್ನು ಕಳೆಯುವುದು. ಪ್ರೊಫೈಲ್, ಸ್ಯಾಂಪಲ್, ಅರ್ಜಿ, ದರ ಎಲ್ಲವನ್ನೂ ಈ ಒಂದು ದೃಷ್ಟಿಯಿಂದ ಮತ್ತೆ ನೋಡಿ.

ಲೋಗೋದಿಂದ ಡೇಟಾ ಎಂಟ್ರಿವರೆಗೆ ಎಲ್ಲ ಮಾಡ್ತೀನಿ ಅಂದವರನ್ನು ಯಾವುದಕ್ಕೂ ನಂಬುವುದು ಕಷ್ಟ. ನಿಮ್ಮ ಪತ್ರದಲ್ಲಿ ನನಗೆ ಬೆಲೆಬಾಳುವ ವಿಷಯ ಅನಿಸಿದ್ದು ಪ್ರಿಂಟಿಂಗ್ ಅಂಗಡಿ. ಪರದೆಯ ಮೇಲೆ ಚಂದ ಕಾಣುವ ಡಿಸೈನ್ ಮಾಡುವವರು ಲಕ್ಷಾಂತರ ಜನ ಇದ್ದಾರೆ. ಆದರೆ ಅಂಚಿನಲ್ಲಿ 3 ಮಿ.ಮೀ. ಬ್ಲೀಡ್ (ಕತ್ತರಿಸಲೆಂದು ಹೊರಗೆ ಚಾಚಿದ ಹೆಚ್ಚುವರಿ ಬಣ್ಣ) ಬಿಡದಿದ್ದರೆ ಕಟಿಂಗ್‌ನಲ್ಲಿ ಏನಾಗುತ್ತದೆ, ಪರದೆಯ ಬಣ್ಣಪದ್ಧತಿ ಆರ್‌ಜಿಬಿಯಲ್ಲಿ ಹೊಳೆಯುವ ಹಸಿರು ಮುದ್ರಣದ ಶಾಯಿಪದ್ಧತಿ ಸಿಎಂವೈಕೆಯಲ್ಲಿ ಯಾಕೆ ಮಂಕಾಗುತ್ತದೆ ಅನ್ನುವುದನ್ನು ಮಷಿನ್ ಪಕ್ಕದಲ್ಲೇ ನಿಂತು ಕಲಿತವರು ಕಡಿಮೆ. ನೀವು ಅಂಥವರು. ಹಾಗಾಗಿ "ಗ್ರಾಫಿಕ್ ಡಿಸೈನರ್" ಅನ್ನುವುದನ್ನು ತೆಗೆದುಹಾಕಿ. "ಆಹಾರ ಪದಾರ್ಥದ ಪ್ಯಾಕೆಟ್‌ಗೆ ನೇರವಾಗಿ ಪ್ರಿಂಟ್‌ಗೆ ಕಳಿಸಬಹುದಾದ ಲೇಬಲ್" ಎಂದು ಒಂದೇ ಸೇವೆ ಇಡಿ. ಉಳಿದವನ್ನು ಸದ್ಯಕ್ಕೆ ಅಳಿಸಿ.

ಗಿರಾಕಿಯೇ ಇಲ್ಲದೆ ಸ್ಯಾಂಪಲ್ ಎಲ್ಲಿಂದ ತರಲಿ ಅಂತೀರಾ? ಕಲಬುರಗಿಯಲ್ಲಿ ಕೂತು ಇದನ್ನು ಕೇಳಬೇಕಿಲ್ಲ. ನಿಮ್ಮ ಸುತ್ತ ದಾಲ್ ಮಿಲ್‌ಗಳಿವೆ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಒಂದು ಕಿಲೋ ಬೇಳೆ ಪ್ಯಾಕೆಟ್, ಶೇಂಗಾ ಹಿಂಡಿ (ಚಟ್ನಿಪುಡಿ), ಖಡಕ್ ರೊಟ್ಟಿ. ಈ ಮೂರಕ್ಕೆ ಪೂರ್ತಿ ಲೇಬಲ್ ಮಾಡಿ. ಪೂರ್ತಿ ಅಂದರೆ ಹಿಂಭಾಗವೂ ಸೇರಿ: ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ಸಂಖ್ಯೆಗೆ ಜಾಗ, ಬ್ಯಾಚ್ ನಂಬರ್, ತಯಾರಿಕೆ ದಿನಾಂಕ, ಎಂಆರ್‌ಪಿ. ಮುಂಭಾಗ ಮಾತ್ರ ಮಾಡುವವರ ಸಾಲಿನಿಂದ ನೀವು ಅಲ್ಲೇ ಬೇರೆ ಆಗ್ತೀರಿ. ಇದು ಸ್ವಂತ ಅಭ್ಯಾಸಕ್ಕೆ ಮಾಡಿದ್ದು ಎಂದು ಕೆಳಗೆ ಬರೆಯಿರಿ. ಅಂಗಡಿಗೆ ಮಾಡಿಕೊಟ್ಟ ಡಿಸೈನ್ ಹಾಕುವುದಾದರೆ ಮಾಲೀಕರನ್ನು ಕೇಳಿ ಹಾಕಿ. ಅಮೆರಿಕದ ಗಿರಾಕಿ ಬಂದರೆ ಅಲ್ಲಿನ ನ್ಯೂಟ್ರಿಷನ್ ಫ್ಯಾಕ್ಟ್ಸ್ ಚೌಕದ ನಿಯಮ ಬೇರೆ ಇದೆ, ಅದನ್ನು ಅವರ ಆಹಾರ-ಔಷಧ ಇಲಾಖೆ ಎಫ್‌ಡಿಎ ತಾಣದಲ್ಲಿ ಮೊದಲೇ ಓದಿಕೊಳ್ಳಿ.

ಕೋರಲ್‌ಡ್ರಾ ಬಗ್ಗೆ ಒಂದು ಮಾತು. ನಮ್ಮ ಕಡೆ ಪ್ರಿಂಟಿಂಗ್ ಅಂದರೆ ಕೋರಲ್. ಹೊರಗಿನವರು ಹೆಚ್ಚಾಗಿ ಕೇಳುವುದು ಇಲ್ಲಸ್ಟ್ರೇಟರ್ ಫೈಲ್ ಇಲ್ಲವೇ ಪಿಡಿಎಫ್. ಕೋರಲ್‌ನಿಂದ ಎರಡಕ್ಕೂ ಎಕ್ಸ್‌ಪೋರ್ಟ್ ಆಗುತ್ತದೆ, ಆದರೆ ಕಳಿಸುವ ಮೊದಲು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಫಾಂಟ್ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಎಲ್ಲಿಂದಲೋ ಇಳಿಸಿಕೊಂಡ ಫಾಂಟ್ ಬಳಸಿದರೆ ನಾಳೆ ಗಿರಾಕಿಗೇ ತೊಂದರೆ. ಗೂಗಲ್ ಫಾಂಟ್ಸ್‌ನಲ್ಲಿರುವುದನ್ನು ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು.

ಇನ್ನು ಅಪ್‌ವರ್ಕ್ ಅರ್ಜಿ. ಅಲ್ಲಿ ಅರ್ಜಿ ಹಾಕಲು ಕನೆಕ್ಟ್ಸ್ ಎಂಬ ಟೋಕನ್‌ಗಳು ಖರ್ಚಾಗುತ್ತವೆ, ಮುಗಿದ ಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು. ಆದ್ದರಿಂದ ಸಿಕ್ಕಸಿಕ್ಕ ಕಡೆ ಹಾಕಬೇಡಿ. ಪೇಮೆಂಟ್ ವೆರಿಫೈಡ್ ಇದೆಯಾ, ಹಿಂದೆ ಯಾರಿಗಾದರೂ ಕೆಲಸ ಕೊಟ್ಟಿದ್ದಾರಾ, ಕೆಲಸ ಮಾಡಿದವರು ಇವರ ಬಗ್ಗೆ ಏನು ಬರೆದಿದ್ದಾರೆ, ಇವನ್ನು ನೋಡಿ. ಆಮೇಲೆ ಬರೆಯಿರಿ. "ಡಿಯರ್ ಸರ್, ನಾನು ತುಂಬಾ ಶ್ರಮಜೀವಿ, ಒಂದು ಅವಕಾಶ ಕೊಡಿ" ಎಂದು ಶುರುವಾಗುವ ಅರ್ಜಿಯನ್ನು ಯಾರೂ ಮುಂದೆ ಓದುವುದಿಲ್ಲ. ಮೊದಲ ಎರಡು ಸಾಲಿನಲ್ಲಿ ಅವರ ಕೆಲಸದ ಮಾತು ಬರಲಿ. ಉದಾಹರಣೆಗೆ: "ನಿಮ್ಮ ಮಸಾಲೆ ಪೌಚ್ ಫೋಟೋ ನೋಡಿದೆ. ಜಿಪ್ ಬರುವ ಜಾಗದಲ್ಲೇ ಹೆಸರು ಬಿದ್ದಿದೆ, ಅದನ್ನು ಕೆಳಗೆ ತಂದರೆ ಅಂಗಡಿ ಶೆಲ್ಫ್‌ನಲ್ಲಿ ಓದಲು ಸುಲಭ. ಪೌಚ್‌ನ ಡೈಲೈನ್ ನಿಮ್ಮ ಬಳಿ ಇದೆಯಾ?" (ಡೈಲೈನ್ ಅಂದರೆ ಪೌಚ್‌ನ ಕತ್ತರಿಸುವ, ಮಡಚುವ ಗೆರೆಗಳ ನಕ್ಷೆ.) ಇಷ್ಟು ಸಾಕು. ಈತ ನಮ್ಮ ಪೋಸ್ಟ್ ಓದಿದ್ದಾನೆ, ಕೆಲಸ ಗೊತ್ತಿದೆ ಎಂದು ಅವರಿಗೆ ಗೊತ್ತಾಯಿತು. ಇದನ್ನು ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ.

ದರಕ್ಕೆ ಬರೋಣ. ಫೈವರ್ ನಿಮ್ಮ ಗಳಿಕೆಯಲ್ಲಿ ಶೇ 20 ಹಿಡಿಯುತ್ತದೆ. ಐದು ಡಾಲರ್‌ನಲ್ಲಿ ನಾಲ್ಕು ಉಳಿಯಿತು, ಅದರಿಂದ ಮತ್ತೆ ಹಣ ತರಿಸುವ ಖರ್ಚು. ಲೇಬಲ್‌ಗೆ 20 ಡಾಲರ್ ಇಡಿ, 16 ನಿಮ್ಮದು. ಎಷ್ಟು ಸಲ ತಿದ್ದಿಕೊಡ್ತೀರಿ ಎಂದು ಸ್ಪಷ್ಟವಾಗಿ ಬರೆಯಿರಿ, ಎರಡು ಸಲ ಸಾಕು. "ಅನ್‌ಲಿಮಿಟೆಡ್" ಅಂತ ಬರೆದು ಒದ್ದಾಡಬೇಡಿ. ಹಣ ಕೂಡಲೇ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ನೀವು ಫೈಲ್ ಕೊಟ್ಟ ಮೇಲೆ ಗಿರಾಕಿ ಸುಮ್ಮನಿದ್ದರೆ ಮೂರು ದಿನಕ್ಕೆ ಆರ್ಡರ್ ತಾನಾಗಿ ಮುಗಿಯುತ್ತದೆ, ಅಲ್ಲಿಂದ ಹೊಸಬರಿಗೆ 14 ದಿನ ಕಾಯುವ ಅವಧಿ. ಹಾಗಾಗಿ ಅಂಗಡಿ ಕೆಲಸ ಬಿಡಬೇಡಿ.

ಗೆಳೆಯರಿಂದ ಆರ್ಡರ್ ಹಾಕಿಸಿ ಐದು ಸ್ಟಾರ್ ತಗೊಳ್ಳಿ ಎಂದು ಯೂಟ್ಯೂಬ್‌ನಲ್ಲಿ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ಮೊದಲ ಗಿರಾಕಿಯನ್ನೇ ಚೆನ್ನಾಗಿ ನೋಡಿಕೊಳ್ಳಿ: ಅರ್ಧ ಕೆಲಸ ಆದಾಗ ಒಂದು ಚಿತ್ರ ಕಳಿಸಿ, ಅನುಮಾನ ಇದ್ದರೆ ಮೊದಲೇ ಕೇಳಿ, ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಕೊಡಿ.

ಪ್ರಶ್ನೆ: ನಾನು ಬಿ.ಎ. ಮಾಡಿದ್ದೇನೆ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ ಮತ್ತು ಹಿಂದಿ. ಮೂರೂ ಓದಿ ಬರೆಯಬಲ್ಲೆ. ಮದುವೆಗೆ ಮುಂಚೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತಿದ್ದೆ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಹೆದರಿಕೆ. ನನ್ನಂಥವರಿಗೆ ಈ ತಾಣಗಳಲ್ಲಿ ಏನಾದರೂ ಇದೆಯಾ ಮೇಡಂ/ಸರ್?
— ಗೃಹಿಣಿ, ಸುರಪುರ

ಉತ್ತರ: ಖಂಡಿತ ಇದೆ ತಂಗಿ. ನಿಮಗೆ ಸಹಜವಾಗಿ ಬಂದದ್ದು ಬೇರೆ ಕಡೆ ಸುಲಭಕ್ಕೆ ಸಿಗದ ಗುಣ. ಯಾದಗಿರಿ, ಕಲಬುರಗಿ, ಬೀದರ್‌ನಲ್ಲಿ ಒಂದು ಅಂಗಡಿ ಮುಂದೆ ಐದು ನಿಮಿಷ ನಿಂತರೆ ಕನ್ನಡ, ದಖನಿ, ತೆಲುಗು, ಮರಾಠಿ ಎಲ್ಲ ಕಿವಿಗೆ ಬೀಳುತ್ತದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆತ ಮಾತನ್ನು ಬರಹಕ್ಕೆ ಇಳಿಸುವಾಗ ಯಂತ್ರಗಳು ಇನ್ನೂ ಎಡವುತ್ತವೆ. ನೀವು ಎಡವುವುದಿಲ್ಲ.

ನಾನಾಗಿದ್ದರೆ ಅನುವಾದದ ಬದಲು ಆಡಿಯೊ ಕೇಳಿ ಬರೆದುಕೊಡುವ ಕೆಲಸದಿಂದ ಶುರು ಮಾಡಿ ಎನ್ನುತ್ತೇನೆ. ಇಂಗ್ಲಿಷ್ ಮಾತು ಬೇಕಿಲ್ಲ, ತಾಳ್ಮೆ ಬೇಕು. ಆಮೇಲೆ ಸಬ್‌ಟೈಟಲ್. ಅದರ ಎಸ್‌ಆರ್‌ಟಿ ಫೈಲ್ (ಯಾವ ಸಾಲು ಯಾವ ಕ್ಷಣಕ್ಕೆ ಎಂದು ಬರೆದದ್ದು) ಮಾಡುವುದನ್ನು ಉಚಿತ ಸಾಫ್ಟ್‌ವೇರ್‌ನಲ್ಲಿ ಕಲಿಯಬಹುದು. ಅನುವಾದಕ್ಕೆ ಇಳಿದಾಗ ಇಂಗ್ಲಿಷ್ ಅಥವಾ ಹಿಂದಿಯಿಂದ ಕನ್ನಡಕ್ಕೆ ಮಾತ್ರ ಮಾಡಿ. ಯಾವ ಭಾಷೆ ನಿಮ್ಮ ಬಾಯಲ್ಲಿ ಸರಾಗವೋ ಆ ಕಡೆಗೆ ಮಾಡಿದ್ದೇ ಚೆನ್ನಾಗಿ ಬರುತ್ತದೆ.

ಒಂದು ವಿಷಯ ಈಗಲೇ ಸರಿಮಾಡಿಕೊಳ್ಳಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಬೇರೆಯವರು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹೊರಗಿನವರಿಗೆ ಬೇಕಿರುವುದು ಯೂನಿಕೋಡ್, ಅಂದರೆ ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ. ನೀವು ಕಲಿತ ಕೀಲಿಮಣೆ ವಿನ್ಯಾಸದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಬರೀ ಈ ಕಾರಣಕ್ಕೆ ಒಳ್ಳೆಯ ಟೈಪಿಸ್ಟ್‌ಗಳ ಕೆಲಸ ವಾಪಸ್ ಬರುವುದನ್ನು ನೋಡಿ ಸಂಕಟವಾಗುತ್ತದೆ.

ಧ್ವನಿ ರೆಕಾರ್ಡ್ ಮಾಡುವ ಕೆಲಸಗಳೂ ಬರುತ್ತವೆ. ಅದಕ್ಕೆ ಫ್ಯಾನ್ ಸದ್ದು ಇರಬಾರದು. ನಮ್ಮ ಮೇ ತಿಂಗಳಲ್ಲಿ ಅದು ಹೇಗೆ ಎಂದು ನಿಮಗೇ ಗೊತ್ತು. ನಸುಕಿನಲ್ಲಿ, ಬಟ್ಟೆ ತುಂಬಿದ ಬೀರು ಇರುವ ಕೋಣೆಯಲ್ಲಿ ಮಾಡಿ. ಬಟ್ಟೆ ಪ್ರತಿಧ್ವನಿಯನ್ನು ತಡೆಯುತ್ತದೆ. ಧ್ವನಿಯನ್ನು ಯಾವುದಕ್ಕೆ ಬಳಸ್ತೀರಿ ಎಂದು ಒಪ್ಪಿಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ.

ಇಂಗ್ಲಿಷ್ ಭಯಕ್ಕೆ ಹೇಳುವುದಾದರೆ, ಈ ತಾಣಗಳಲ್ಲಿ ಹೆಚ್ಚಿನ ಮಾತು ಬರಹದಲ್ಲೇ ನಡೆಯುತ್ತದೆ. ಚಿಕ್ಕ ವಾಕ್ಯ ಬರೆಯಿರಿ. ಎಐ ಉಪಕರಣದಿಂದ ತಪ್ಪು ತಿದ್ದಿಸಿಕೊಂಡರೆ ತೊಂದರೆಯಿಲ್ಲ. ಆದರೆ ಯಂತ್ರ ಮಾಡಿದ ಅನುವಾದವನ್ನೇ ನಿಮ್ಮದೆಂದು ಕೊಡಬೇಡಿ, ಗಿರಾಕಿಯ ಕಾಗದಪತ್ರವನ್ನು ಅವರನ್ನು ಕೇಳದೆ ಅಂಥ ಉಪಕರಣಕ್ಕೆ ಹಾಕಲೂಬೇಡಿ. ಪರೀಕ್ಷೆಗೆಂದು ನೂರೈವತ್ತು, ಇನ್ನೂರು ಪದ ಉಚಿತವಾಗಿ ಮಾಡಿಕೊಡಬಹುದು. ಎರಡು ಸಾವಿರ ಪದ ಕೇಳಿದರೆ ಅದು ಪರೀಕ್ಷೆಯಲ್ಲ, ಬಿಟ್ಟಿ ಕೆಲಸ. ಬೇಡವೆನ್ನಿ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ಪಿಡಿಎಫ್ ನೋಡಿ ವರ್ಡ್‌ನಲ್ಲಿ ಟೈಪ್ ಮಾಡಿದರೆ ಪುಟಕ್ಕೆ 200 ರೂಪಾಯಿ ಕೊಡ್ತಾರಂತೆ. ಮೊದಲು 2,500 ರೂ. ರಿಜಿಸ್ಟ್ರೇಷನ್ ಕಟ್ಟಬೇಕು. ಇನ್ನೊಬ್ಬರು ನನ್ನ ಅಪ್‌ವರ್ಕ್ ಖಾತೆಯನ್ನು ತಿಂಗಳ ಬಾಡಿಗೆಗೆ ಕೇಳುತ್ತಿದ್ದಾರೆ. ಒಪ್ಪಲಾ?
— ಡಿಪ್ಲೊಮಾ ವಿದ್ಯಾರ್ಥಿ, ಬೀದರ್

ಉತ್ತರ: ಎರಡನ್ನೂ ಒಪ್ಪಬೇಡಿ.

ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳುವುದಿಲ್ಲ. ಪಿಡಿಎಫ್‌ನಿಂದ ವರ್ಡ್ ಮಾಡುವುದನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ, ಅದಕ್ಕೆ ಪುಟಕ್ಕೆ 200 ರೂ. ಯಾರೂ ಕೊಡುವುದಿಲ್ಲ. ಈ ಮೋಸದ ಎರಡನೇ ಭಾಗ ಇನ್ನೂ ಕೆಟ್ಟದ್ದು. ನೀವು ರಾತ್ರಿಯೆಲ್ಲ ಟೈಪ್ ಮಾಡಿ ಕೊಟ್ಟ ಮೇಲೆ ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ ಎಂದು ವಕೀಲರ ಹೆಸರಲ್ಲಿ ನೋಟಿಸ್ ಕಳಿಸಿ ಹೆದರಿಸಿ ಹಣ ಕೀಳುತ್ತಾರೆ. ಯಾರಿಗಾದರೂ ಅಂಥ ನೋಟಿಸ್ ಬಂದಿದ್ದರೆ ಹಣ ಕಟ್ಟಬೇಡಿ. ಚಾಟ್, ನೋಟಿಸ್, ಹಣ ಕಳಿಸಿದ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೂ ಹೋಗಿ. ಮನೆಯಲ್ಲಿ ಬೈತಾರೆಂದು ಮುಚ್ಚಿಡಬೇಡಿ.

ಖಾತೆ ಬಾಡಿಗೆ ಇನ್ನೂ ಅಪಾಯದ್ದು. ನಿಮ್ಮ ಗುರುತಿನ ಚೀಟಿ, ನಿಮ್ಮ ಹೆಸರಲ್ಲಿ ಅವರು ಏನು ಮಾಡಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ.

ಹಾಗೇ, ತಾಣದಲ್ಲಿ ಪರಿಚಯವಾದ ಗಿರಾಕಿ "ವಾಟ್ಸ್ಆ್ಯಪ್‌ಗೆ ಬಾ, ಕಮಿಷನ್ ಉಳಿಯುತ್ತೆ" ಅಂದರೂ ಹೋಗಬೇಡಿ. ನಿಯಮಕ್ಕೆ ವಿರುದ್ಧ ಅನ್ನುವುದು ಒಂದಾದರೆ, ಆಮೇಲೆ ಹಣ ಕೊಡದಿದ್ದರೆ ಕೇಳಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಅಮೆರಿಕದ ಗಿರಾಕಿಗೆ ವೆಬ್‌ಸೈಟ್ ಕೆಲಸ ಮಾಡುತ್ತಿದ್ದೇನೆ. ಕರೆಂಟ್ ಹೋಗಿ ಒಮ್ಮೆ ಮೀಟಿಂಗ್ ತಪ್ಪಿತು. ಅವರಿಗೆ ಹೇಗೆ ಹೇಳುವುದು?
— ಓದುಗ, ಹುಮನಾಬಾದ್

ಉತ್ತರ: ಇದ್ದದ್ದನ್ನು ಇದ್ದಂತೆ, ಮೊದಲೇ ಹೇಳಿ. ಮೊಬೈಲ್ ಹಾಟ್‌ಸ್ಪಾಟ್ ಮತ್ತು ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇರಲಿ. ಕರೆಂಟ್ ಹೋದ ಐದು ನಿಮಿಷದೊಳಗೆ ಫೋನಿಂದ ಒಂದು ಸಾಲು ಕಳಿಸಿದರೆ ಯಾರೂ ಸಿಟ್ಟಾಗುವುದಿಲ್ಲ, ಮರುದಿನ ಕಾರಣ ಹೇಳಿದರೆ ನಂಬುವುದಿಲ್ಲ. ಮೀಟಿಂಗ್ ಸಮಯವೂ ನೋಡಿಕೊಳ್ಳಿ. ನ್ಯೂಯಾರ್ಕ್‌ನ ಬೆಳಿಗ್ಗೆ 10 ಗಂಟೆ ಅಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ 7.30, ಚಳಿಗಾಲದಲ್ಲಿ 8.30. ಮಾರ್ಚ್‌ನಲ್ಲಿ ಮತ್ತು ನವೆಂಬರ್‌ನಲ್ಲಿ ಅವರು ಗಡಿಯಾರ ತಿರುಗಿಸುತ್ತಾರೆ, ಆ ವಾರಗಳಲ್ಲಿ ಮೀಟಿಂಗ್ ತಪ್ಪುವುದು ಜಾಸ್ತಿ.

ಪ್ರಶ್ನೆ: ತಿಂಗಳಿಗೆ ಸ್ವಲ್ಪ ಸ್ವಲ್ಪ ಡಾಲರ್ ಬರಲು ಶುರುವಾಗಿದೆ. ಆದರೆ ಅಪ್ಪ ಇದನ್ನು ಕೆಲಸ ಅಂತ ಒಪ್ಪುತ್ತಿಲ್ಲ, ಪಿಡಿಒ ಪರೀಕ್ಷೆಗೆ ಓದು ಅಂತಾರೆ. ಲ್ಯಾಪ್‌ಟಾಪ್ ಸಾಲ ಕೇಳಿದರೆ ಬ್ಯಾಂಕಿನವರು ಆದಾಯದ ಪುರಾವೆ ಎಲ್ಲಿ ಅಂದರು.
— ಓದುಗಳು, ಆಳಂದ

ಉತ್ತರ: ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಸಂವಿಧಾನದ 371ಜೆ ಮೀಸಲಾತಿ ಇರುವ ನಮ್ಮ ಭಾಗದಲ್ಲಿ ಸರ್ಕಾರಿ ನೌಕರಿಯ ಆಸೆ ಇಡುವುದು ತಪ್ಪಲ್ಲ. ಓದುತ್ತಲೇ ದಿನಕ್ಕೆ ಎರಡು ಗಂಟೆ ಇದನ್ನೂ ಮಾಡಬಹುದು. ಅಪ್ಪನಿಗೂ ಬ್ಯಾಂಕಿಗೂ ತೋರಿಸಬೇಕಾದದ್ದು ಒಂದೇ, ಕಾಗದ.

ಈ ಹಣಕ್ಕೇ ಒಂದು ಬೇರೆ ಬ್ಯಾಂಕ್ ಖಾತೆ ಇಡಿ. ವಿದೇಶದಿಂದ ಹಣ ತರಿಸುವ ಪೇಪಾಲ್ ಅಥವಾ ಪೇಯೊನಿಯರ್ ಮೂಲಕ ಬಂದ ಪ್ರತಿ ಮೊತ್ತಕ್ಕೂ ವಿದೇಶಿ ಹಣ ಬಂದ ದಾಖಲೆ ಸಿಗುತ್ತದೆ, ಅದನ್ನು ಇಳಿಸಿಟ್ಟುಕೊಳ್ಳಿ. ಹಣ ಯಾವ ಕೆಲಸಕ್ಕೆ ಬಂತು ಎಂದು ಪರ್ಪಸ್ ಕೋಡ್ ಕೇಳಿದಾಗ ನೀವು ಮಾಡಿದ ಕೆಲಸಕ್ಕೆ ಹೊಂದುವುದನ್ನೇ ಆರಿಸಿ. ಸುಮ್ನೆ "ಮನೆಯವರು ಕಳಿಸಿದ್ದು" ಎಂದು ಹಾಕಬೇಡಿ.

ತೆರಿಗೆ ಬೀಳದಿದ್ದರೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. 2025–26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಬರುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಂಕಿನವರು ಸಾಮಾನ್ಯವಾಗಿ ಎರಡು, ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಆದ್ದರಿಂದ ಮೊದಲನೆಯದನ್ನು ಈ ವರ್ಷವೇ ಹಾಕಿ. ಮೊದಲ ಸಲ ಊರಿನ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ. ಲ್ಯಾಪ್‌ಟಾಪ್‌ಗೆ ಸದ್ಯ ಸಾಲ ಬೇಡ. ಈಗಿರುವುದರಲ್ಲಿ ಕೆಲಸ ನಡೆಯುತ್ತಿದ್ದರೆ ರ್‍ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿ. ಕಲಬುರಗಿಯ ರಿಪೇರಿ ಅಂಗಡಿಗಳಲ್ಲೇ ಅದು ಆಗುತ್ತದೆ.